ಮಾವನ ಆರೋಗ್ಯ ಪ್ರಚಾರ

ನನ್ನ ಸೋದರಮಾವನ ಆರೋಗ್ಯ ಪ್ರಚಾರದಿಂದ ಯಾರಿಗಾದರೂ ಲಾಭವಾದದ್ದುಂಟೇ ಎಂದು ಕೇಳಬೇಡಿ. ಉಂಟು! ಅವರನ್ನು ದೂರದಿಂದ ಕಂಡೊಡನೆ ಓಡುವ ನಮ್ಮ ಬಂಧುಗಳೆಲ್ಲರ ಹೃದಯ ಈಗ ಬಹಳ ಗಟ್ಟಿಯಾಗಿದೆ.

ಮಾವ ಕಾರ್ಕಳದ ಶಾಲೆಯೊಂದರಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದವರು. ನಿವೃತ್ತರಾಗಿ ಕಾಪುವಿನ ಮನೆಗೆ ಬಂದ ವರ್ಷವೇ ಅವರಿಗೆ ಸಕ್ಕರೆ ಕಾಯಿಲೆ ಪತ್ತೆಯಾಯಿತು. ಬೇರೆಯವರಾಗಿದ್ದರೆ ಮಾತ್ರೆ ನುಂಗಿ ಸುಮ್ಮನಿರುತ್ತಿದ್ದರು. ಮಾವ ಲೋಕವನ್ನೇ ಗುಣಪಡಿಸಲು ಹೊರಟರು! ಮದುವೆಯೂಟದಲ್ಲಿ ಹೋಳಿಗೆ ಬಡಿಸುವವನ ಹಿಂದೆಯೇ ನಡೆದು ಅದರ ದುಷ್ಪರಿಣಾಮ ವಿವರಿಸಿದರು. ಕರಿದ ಮಟ್ಟುಗುಳ್ಳ ಬದನೆಯ ಪೋಡಿಯನ್ನು ಕಾಗದದಲ್ಲಿ ಒತ್ತಿ ಎಣ್ಣೆ ತೋರಿಸಿದರು. ಕ್ರಮೇಣ ಊರಿನ ಬಾಗಿಲುಗಳೆಲ್ಲ ಮುಚ್ಚಿಕೊಂಡವು.

ಆಗ ಮಾವ, ಮುಚ್ಚಲು ಬಾಗಿಲೇ ಇಲ್ಲದವರನ್ನು ಹುಡುಕಿಕೊಂಡರು. ಉಡುಪಿ ಬಸ್ ನಿಲ್ದಾಣದ ಹತ್ತಿರ, ವ್ಯಾಪಾರ ನಿಂತುಹೋದ ಅಂಗಡಿಯೊಂದರ ಜಗಲಿಯಲ್ಲಿ ನಾಲ್ಕೈದು ಮಂದಿ ವಾಸವಾಗಿದ್ದಾರೆ. ಎಂಥ ಶ್ರೋತೃಗಳು! ಎದ್ದು ಹೋಗೋಣವೆಂದರೆ ಬೇರೆ ಜಾಗವೇ ಇಲ್ಲ. ಮಾವ ಬೆಳಿಗ್ಗೆ ಬೇಗ ಬಂದು, ತಾವೇ ಬಣ್ಣ ತುಂಬಿದ ಸೊಪ್ಪು, ಹಣ್ಣು, ಬಾದಾಮಿಯ ಪಟವನ್ನು ಶಟರಿಗೆ ಸಿಕ್ಕಿಸಿ ಪಾಠ ಶುರುಮಾಡುವರು. ಚಿತ್ರದಲ್ಲಾದರೂ ಬಾದಾಮಿ ನೋಡಲಿ ಎಂದೋ ಏನೋ! ಒಂದು ದಿನ ನಾನೂ ಜೊತೆಗಿದ್ದೆ.

“ದಿನಕ್ಕೆ ಐದು ಸಲ, ಸ್ವಲ್ಪ ಸ್ವಲ್ಪವೇ ತಿನ್ನಬೇಕು” ಎಂದರು ಮಾವ.

ಮೂಲೆಯಲ್ಲಿ ಕೃಷ್ಣಪ್ಪನೆಂಬವನಿದ್ದ. ಹೋಟೆಲುಗಳಲ್ಲಿ ಹಿಟ್ಟು ರುಬ್ಬುತ್ತಿದ್ದವನು. ವಯಸ್ಸಾದಾಗ ಕೆಲಸವೂ ಮಲಗುವ ಜಾಗವೂ ಒಟ್ಟಿಗೇ ಹೋದವು. “ಸ್ವಲ್ಪ ಸ್ವಲ್ಪ ತಿಂದು ಅಭ್ಯಾಸ ಉಂಟು ಮಾಸ್ಟ್ರೇ. ಆ ಐದು ಸಲದ್ದು ಎಂತ ಮಾಡುವುದು?” ಎಂದ.

ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. “ಎದ್ದ ಕೂಡಲೇ ವಾಕಿಂಗ್ ಮಾಡಬೇಕು!”

“ಮಾಡ್ತೇವೆ. ಕಕ್ಕಸು ಅಷ್ಟು ದೂರ ಉಂಟಲ್ವಾ?”

“ಚಿಂತೆಯನ್ನು ತಲೆಯಲ್ಲಿ ಇಟ್ಟುಕೊಳ್ಳಬಾರದು!”

“ಮತ್ತೆ ಎಲ್ಲಿ ಇಡುವುದು ಮಾಸ್ಟ್ರೇ? ನಮಗೆ ಕಪಾಟು ಇಲ್ಲ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾವ ಮಾತ್ರ ನಗಲಿಲ್ಲ. ಗೋಣಿಯಡಿಯಿಂದ ಹೊರಬಂದಿದ್ದ ಕೃಷ್ಣಪ್ಪನ ಪಾದವನ್ನೇ ನೋಡುತ್ತಿದ್ದರು. ಕಿರುಬೆರಳು ಕಪ್ಪಾಗಿತ್ತು.

“ನೋವುಂಟಾ?”

“ಎಂತದೂ ಇಲ್ಲ.”

“ನೋವಿಲ್ಲದ್ದೇ ಹೆದರಿಕೆ ಮಾರಾಯ!” ಎಂದವರೇ ಪಟವನ್ನು ಅಲ್ಲೇ ಬಿಟ್ಟು, ಅವನನ್ನು ಆಟೋದಲ್ಲಿ ಕೂರಿಸಿ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದರು. ಅವನದ್ದೂ ಸಕ್ಕರೆ ಕಾಯಿಲೆಯೇ. ಬೆರಳು ಹೋಯಿತು, ಪಾದ ಉಳಿಯಿತು.

ಆಸ್ಪತ್ರೆಯಿಂದ ಬಿಟ್ಟ ದಿನ ಹೊರಗೆ ಜಡಿಮಳೆ. ವೈದ್ಯರು ಕೊಟ್ಟ ಚೀಟಿಯನ್ನು ಮಾವ ಪಾಠದ ಧಾಟಿಯಲ್ಲೇ ಗಟ್ಟಿಯಾಗಿ ಓದತೊಡಗಿದರು. “ಗಾಯ ಒದ್ದೆಯಾಗಬಾರದು. ಕಾಲನ್ನು ದಿಂಬಿನ ಮೇಲಿಡಬೇಕು. ಒಂದು ತಿಂಗಳು ಮನೆಯಲ್ಲೇ...”

ಅಲ್ಲಿಗೆ ನಿಂತರು. ಮಾವನ ಸ್ವರ ತಾನಾಗಿ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

“ಓದಿ ಮಾಸ್ಟ್ರೇ, ಮತ್ತೆ ಎಂತ ಬರೆದಿದ್ದಾರೆ?” ಎಂದ ಕೃಷ್ಣಪ್ಪ.

ಮಾವ ಚೀಟಿ ಮಡಚಿ ಕಿಸೆಗೆ ಹಾಕಿದರು. “ಮತ್ತೆ ಎಂತದೂ ಇಲ್ಲ. ಕಾಪುವಿಗೆ ಹೋಗುವ, ನಡೆ.”

ಅತ್ತೆ ಮೊದಲ ದಿನ ಮುಖ ಊದಿಸಿಕೊಂಡರು. ಎರಡನೆಯ ದಿನ ಗಂಜಿ ತಣ್ಣಗಾಯಿತೆಂದು ಕೃಷ್ಣಪ್ಪನನ್ನೇ ಗದರಿಸಿದರು.

ಗಾಯ ಒಣಗಿ ಈಗ ಮೂರು ತಿಂಗಳಾಯಿತು. “ಇನ್ನು ಹೊರಡಬಹುದಾ ಮಾಸ್ಟ್ರೇ?” ಎಂದು ಅವನು ಆಗಾಗ ಕೇಳುತ್ತಾನೆ. ಆಗೆಲ್ಲ ಮಾವ ಕನ್ನಡಕ ಏರಿಸಿ, ನೆಲದಲ್ಲಿ ಕುಳಿತು, ಆ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಪರೀಕ್ಷಿಸುತ್ತಾರೆ. ಮೊನ್ನೆ ನಾನೂ ಬಗ್ಗಿ ನೋಡಿದೆ. ಚರ್ಮ ನುಣ್ಣಗೆ ಕೂಡಿಕೊಂಡಿತ್ತು.

“ಇಲ್ಲ ಮಾರಾಯ, ಇನ್ನೊಂದು ವಾರ ಬೇಕು” ಎಂದರು ಮಾವ.