ಬಾಲಂಗೋಚಿಗೊಂದು ಸೀರೆ

ನಮ್ಮ ಮಾಮಾನ ಲೆಕ್ಕದಲ್ಲಿ ಈ ಜಗತ್ತಿನಲ್ಲಿ ಎರಡೇ ಬಗೆಯ ವಸ್ತುಗಳಿವೆ: ಹಾರುವಂಥವು, ಹಾರಲಾರದಷ್ಟು ಭಾರವಾದವು. ಎರಡನೆಯ ಬಗೆಯನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ. ಮೊದಲನೆಯದು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕದ ಹಾಕಿಕೊಳ್ಳಿ!

ಬೋರಗಾಂವದ ಈ ನನ್ನ ಸೋದರಮಾವನಿಗೆ ಗಾಳಿಪಟದ ಹುಚ್ಚು. ಎಪ್ಪತ್ತು ದಾಟಿದರೂ ಇಳಿದಿಲ್ಲ. ಹುಚ್ಚಿಗೊಂದು ಷರತ್ತೂ ಉಂಟು: ಪಟಕ್ಕೆ ಬೇಕಾದ ಯಾವುದನ್ನೂ ದುಡ್ಡು ಕೊಟ್ಟು ತರಬಾರದು. ಗಾಳಿಯೇ ಪುಕ್ಕಟೆ ಸಿಗುವಾಗ ಪಟಕ್ಕೇಕೆ ಖರ್ಚು ಎಂಬುದು ಅವರ ವಾದ. ಹೀಗಾಗಿ ಪಟ ಹಾರಿಸುವ ಕಾರಹುಣ್ಣಿಮೆ ಹತ್ತಿರ ಬಂದಂತೆ ಮನೆಯ ಕಡ್ಡಿ ಕಸಬರಿಗೆ ದಿನದಿಂದ ದಿನಕ್ಕೆ ಸೊರಗುತ್ತದೆ. ಅತ್ತೆ ಅಂಗಳ ಗುಡಿಸಲು ಹೋದರೆ ಕೈಯಲ್ಲಿ ಉಳಿಯುವುದು ಕಸಬರಿಗೆ ಕಟ್ಟಿದ ಹಗ್ಗವೊಂದೇ. ಅಂಟಿಗೆ ಅನ್ನದ ಅಗಳು. ಅದೂ ತಮ್ಮ ತಟ್ಟೆಯದಲ್ಲ, ಪಕ್ಕದಲ್ಲಿ ಉಣ್ಣಲು ಕುಳಿತವರದು! ಇನ್ನು ದಾರಕ್ಕೇನು, ಊರ ತುಂಬ ಪಾವರ್‌ಲೂಮ್‌ಗಳು. ಮಗ್ಗದವರು ಗುಡಿಸಿ ಎಸೆದ ತುಂಡು ನೂಲನ್ನು ಮಾಮಾ ಹೆಕ್ಕಿ ತಂದು, ಕಟ್ಟೆಯ ಮೇಲೆ ಕುಳಿತು ಒಂದಕ್ಕೊಂದು ಗಂಟು ಹಾಕುತ್ತಾರೆ. ಕೆಂಪಿಗೆ ಹಳದಿ, ಹಳದಿಗೆ ನೀಲಿ. ಆಗ ಅವರ ಮುಖ ನೋಡಬೇಕು. ಮನುಷ್ಯ ಅರ್ಧ ಆಗಲೇ ಮೋಡದಲ್ಲಿರುತ್ತಾರೆ.

ಗಂಟಿನ ದಾರ ಎಷ್ಟೆಂದು ತಾಳೀತು? ನನ್ನ ಲಗ್ನದ ಪತ್ರಿಕೆ ಹಂಚುವ ಕೆಲಸವನ್ನು ಅವ್ವ ಮಾಮಾನಿಗೆ ಒಪ್ಪಿಸಿದ್ದಳು. ತೆಳು ಹಾಳೆಯ ಪತ್ರಿಕೆ! ಬೆಕ್ಕಿನ ಮುಂದೆ ಹಾಲಿಟ್ಟು ಕಾಯಲು ಹೇಳಿದಂತಾಯಿತು. ಪತ್ರಿಕೆಗಳೆಲ್ಲ ಸೇರಿ ಒಂದು ದೊಡ್ಡ ಪಟವಾದವು. ಪಟ ಮೇಲೇರಿ, ದಾರ ಹರಿದು, ಮಹಾರಾಷ್ಟ್ರದ ಕಡೆಗೆ ತೇಲಿಹೋಯಿತು. ಅವ್ವ ತಲೆ ಚಚ್ಚಿಕೊಂಡರೆ, “ಹೋದ್ರ ಹೋಗ್ಲಿ ಬಿಡವಾ, ಪುಕ್ಕಟೆದ್ದು” ಎಂದರು ಮಾಮಾ. ಲಗ್ನದ ದಿನ ಅಕ್ಷತೆಯ ಹೊತ್ತಿಗೆ ತಲೆಗೆ ಪಟಕಾ ಸುತ್ತಿದ ಮೂವರು ಹಿರಿಯರು ಬಂದರು. ಗಂಡಿನ ಕಡೆಯವರೆಂದು ನಾವು, ಹೆಣ್ಣಿನ ಕಡೆಯವರೆಂದು ಬೀಗರು ತಿಳಿದಿದ್ದರು! ವಿಚಾರಿಸಿದರೆ, ಗಡಿಯಾಚೆ ತಮ್ಮ ಕಬ್ಬಿನ ಹೊಲದಲ್ಲಿ ಪತ್ರಿಕೆ ಬಿತ್ತೆಂದೂ, ಆಕಾಶದಿಂದ ಬಂದ ಕರೆಗೆ ಬರುವುದಿಲ್ಲ ಎನ್ನಲಾದೀತೇ ಎಂದೂ ಮರಾಠಿಯಲ್ಲಿ ಹೇಳಿ, ಆಹೇರಿನ ಉಡುಗೊರೆ ಕೊಟ್ಟು, ಹೊಟ್ಟೆ ತುಂಬ ಉಂಡು ಹರಸಿ ಹೋದರು. ಮಾಮಾ ಹಂಚಿದ ಪತ್ರಿಕೆ ತಲುಪಿದ್ದು ಅವರಿಗೆ ಮಾತ್ರ.

ಅತ್ತೆ ಕಸಬರಿಗೆ ಬಿಟ್ಟುಕೊಟ್ಟರು, ಪಟದ ಹಾಳೆಗೆಂದು ಕ್ಯಾಲೆಂಡರು ಬಿಟ್ಟುಕೊಟ್ಟರು. ಬಿಡದೆ ಕಾಯ್ದುಕೊಂಡದ್ದು ಒಂದೇ: ಟ್ರಂಕಿನಲ್ಲಿಟ್ಟ ತಮ್ಮ ಲಗ್ನದ ಇಳಕಲ್ ಸೀರೆ. ಉಟ್ಟು ಉಟ್ಟು ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾದ ಅದರ ಕೆಂಪು ಸೆರಗಿನ ಮೇಲೆ ಮಾಮಾನ ಕಣ್ಣು. ಅಂಥದೊಂದು ಬಾಲಂಗೋಚಿ ಕಟ್ಟಿದರೆ ಪಟ ಮುಗಿಲಲ್ಲಿ ಅಲುಗದೆ ನಿಲ್ಲುತ್ತದೆಂದು ಪ್ರತಿವರ್ಷವೂ ಗೋಗರೆಯುತ್ತಿದ್ದರು. ಅತ್ತೆಯ ಉತ್ತರವೂ ಪ್ರತಿವರ್ಷ ಒಂದೇ.

“ನಾ ಸತ್ತ ಮ್ಯಾಲ ಹರ್ಕೋರಿ.”

ಈ ಬೇಸಿಗೆಯಲ್ಲಿ ಅತ್ತೆ ಹಾಸಿಗೆ ಹಿಡಿದರು. ಕಾರಹುಣ್ಣಿಮೆಯ ಗಾಳಿ ಶುರುವಾದ ಮೇಲೆ ನಾನು ನೋಡಲು ಹೋದೆ. ಮೂಲೆಯಲ್ಲಿ ಕಸಬರಿಗೆ ದಷ್ಟಪುಷ್ಟವಾಗಿ ನಿಂತಿತ್ತು. ನನಗೆ ನಿಜವಾಗಿ ಹೆದರಿಕೆಯಾದದ್ದು ಅದನ್ನು ನೋಡಿಯೇ. ಮಾಮಾ ಮಂಚದ ಪಕ್ಕ ಸುಮ್ಮನೆ ಕುಳಿತಿದ್ದರು. ಪಟದ ಮಾತು ತೆಗೆದರೆ ಒಮ್ಮೆ ಟ್ರಂಕಿನತ್ತ ನೋಡಿ ಮುಖ ತಿರುಗಿಸಿದರು. ಅತ್ತೆಯ ಹಳೆಯ ಉತ್ತರ ಈಗ ಅವರಿಗೆ ತಮಾಷೆಯಾಗಿ ಉಳಿದಿರಲಿಲ್ಲ.

ಅತ್ತೆಯೇ ನನ್ನನ್ನು ಕರೆದು, ಸೀರೆ ತೆಗೆದು ಮಾಮಾನ ಕೈಗೆ ಕೊಡಲು ಹೇಳಿದರು. ಮಾಮಾ ಬೇಡ ಬೇಡವೆಂದು ಹಿಂದೆ ಸರಿದರು.

“ನಾ ಸತ್ತ ಮ್ಯಾಲ ಹಾರಿಸಿದ್ರ ನಾ ಹ್ಯಾಂಗ ನೋಡ್ಲಿ? ಈಗ ಹರೀರಿ,” ಎಂದರು ಅತ್ತೆ.

ಸೆರಗಿನಿಂದ ಉದ್ದನೆಯ ಪಟ್ಟಿ ಹರಿದಿಟ್ಟು, ಮಾಮಾ ಎಲ್ಲಿಗೋ ಎದ್ದು ಹೋದರು. ಮಧ್ಯಾಹ್ನ ಬಂದಾಗ ಕೈಯಲ್ಲಿ ನಿಪ್ಪಾಣಿಯ ಅಂಗಡಿಯಿಂದ ತಂದ ಹೊಸ ದಾರದ ರೀಲು. ದುಡ್ಡು ಕೊಟ್ಟು ತಂದದ್ದು!

ಸಂಜೆ ಅತ್ತೆಯ ಮಂಚವನ್ನು ಅಂಗಳಕ್ಕೆ ಹೊತ್ತು ತಂದೆವು. ಹಳೆಯ ಪೇಪರಿನ ಪಟ ಕಬ್ಬಿನ ಹೊಲಗಳ ಮೇಲೆ ಏರುತ್ತ ಏರುತ್ತ ಚಿಕ್ಕದಾಯಿತು. ಮಗ್ಗಗಳ ಸದ್ದು ನಿದ್ದೆಯಲ್ಲಿ ಕೇಳಿದಂತೆ ದೂರದಿಂದ ಬರುತ್ತಿತ್ತು. ಗಡಿಯಾಚೆಯ ಮೋಡ ಯಾವುದು, ಈಚೆಯ ಮೋಡ ಯಾವುದು ಎಂದು ತಿಳಿಯದ ಆ ಎತ್ತರದಲ್ಲಿ ಕೆಂಪು ಸೆರಗು ಮೆಲ್ಲಗೆ ಈಜುತ್ತಿತ್ತು. ಅತ್ತೆ ರೆಪ್ಪೆ ಬಡಿಯದೆ ನೋಡಿದರು. ಇಷ್ಟು ಚೆಂದ ಕಾಣುತ್ತದೆಂದು ಗೊತ್ತಿದ್ದರೆ ಎಂದೋ ಕೊಡುತ್ತಿದ್ದೆ ಎಂದು ನಕ್ಕರು.

ನನ್ನ ಬಾಯಿ ಸುಮ್ಮನಿರಬೇಕಲ್ಲ! ಊರಿನ ಮಗ್ಗಗಳಲ್ಲಿ ಪುಕ್ಕಟೆ ನೂಲೆಲ್ಲ ಮುಗಿದುಹೋಯಿತೇ ಎಂದು ಮಾಮಾನನ್ನು ಕೆಣಕಿದೆ. ಅವರು ಪಟದಿಂದ ಕಣ್ಣು ತೆಗೆಯಲಿಲ್ಲ. ಅತ್ತೆಗೆ ಕೇಳಿಸದಂತೆ ಹೇಳಿದರು:

“ಗಂಟಿನ ದಾರ ಹರೀತೈತವಾ. ಇದು ಹೋಗಬಾರ್ದು.”