ನಿನ್ನೆಯ ಬುಟ್ಟಿ

ಪೂವಪ್ಪನ ಭಾನುವಾರ ಹಾಳಾದದ್ದು ಶಾಲೆಯಿಂದ ಬಂದ ಒಂದು ಕಾಗದದಿಂದ. 'ಹೆತ್ತವರ ದುಡಿಮೆಯಲ್ಲಿ ಕಂಡ ಮೌಲ್ಯಗಳು. ಒಂದು ದಿನ ಜೊತೆಗಿದ್ದು ನೋಡಿ ಬರೆಯಿರಿ. ಹತ್ತು ಅಂಕ.'

ಪೂವಪ್ಪ ಬಂದರಿನ ಮಾರುಕಟ್ಟೆಯಲ್ಲಿ ಮೀನು ಮಾರುವವ. ಬುಟ್ಟಿಯಲ್ಲಿ ಕೆಳಗೆ ನಿನ್ನೆಯ ಬಂಗುಡೆ ಮೀನು, ಮೇಲೆ ಇವತ್ತಿನದ್ದು, ಇದು ಅವನ ಇಪ್ಪತ್ತು ವರ್ಷದ ಪದ್ಧತಿ. ಆದರೆ ಆ ದಿನ ಒಂಬತ್ತನೇ ಕ್ಲಾಸಿನ ಮಗಳು ಸುಪ್ರೀತಾ ಬೆಳಿಗ್ಗೆಯೇ ಬಂದು, ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಕೂತು, ಮಡಿಲಲ್ಲಿ ಹಾಳೆ ಬಿಚ್ಚಿ ಪೆನ್ನು ತೆಗೆದಳು. ಮಗಳ ಕಣ್ಣೆದುರು ಕಳ್ಳನಾಗುವುದು ಹೇಗೆ? ಪೂವಪ್ಪ ಮೀನನ್ನು ಎರಡು ಬುಟ್ಟಿ ಮಾಡಿದ.

ಮೊದಲು ಬಂದದ್ದು ಕುದ್ರೋಳಿಯ ರಮ್ಲಾ. "ಬಂಗುಡೆ ಫ್ರೆಶ್ ಉಂಟಾ?"

ಸುಪ್ರೀತಾಳ ಪೆನ್ನು ಆಡಿತು. ಪೂವಪ್ಪ ನೆಟ್ಟಗಾದ. "ಇದು ಇವತ್ತಿನದ್ದು. ಅದು ನಿನ್ನೆಯದ್ದು."

ರಮ್ಲಾ ಅವನನ್ನು ಜ್ವರ ಬಂದವನನ್ನು ನೋಡುವಂತೆ ನೋಡಿದಳು. "ಯಾರಿಗೆ ತೆಗೆದಿಟ್ಟದ್ದು ಅದು? ಹೋಟೆಲಿನವರಿಗಾ?"

"ನಿಜವಾಗಿ ನಿನ್ನೆಯದ್ದು ಮಾರಾಯ್ರೆ."

"ಮೀನಿನವ ನಿನ್ನೆಯದ್ದು ಅಂತ ಹೇಳ್ತಾನಾ? ನನಗೆ ಅದೇ ಬೇಕು!"

ಹಿಂದೆ ನಿಂತ ನಾಲ್ಕು ಜನಕ್ಕೂ ಅದೇ ಬೇಕಾಯಿತು. ಒಬ್ಬ ಬುಟ್ಟಿಗೇ ಕೈ ಹಾಕಿದ. ಒಳ್ಳೆಯದೆಂದು ನಂಬಿದವರಿಗೆ ಹಳೆಯದ್ದು ಮಾರಿದರೆ ಅದೂ ಮೋಸವೇ; ಬೇರೆ ದಾರಿ ಕಾಣದೆ ಪೂವಪ್ಪ ಮುಚ್ಚಳ ಹಾಕಿ, ಕಾವು ಕೂತ ಕೋಳಿಯ ಹಾಗೆ ಅದರ ಮೇಲೆ ಕೂತುಬಿಟ್ಟ. ಮುಚ್ಚಳದ ಸಂದಿನಿಂದ ಐಸ್ ನೀರು ಪಂಚೆಗೆ ಏರಿತು. ಏಳಲಿಲ್ಲ.

ಪಕ್ಕದಲ್ಲಿ ಮೀನು ಮಾರುವ ವಾರಿಜಾಕ್ಷಿ ಕತ್ತಿ ಹಿಡಿದೇ ಎದ್ದು ಬಂದಳು. "ಎಂತ ಪೂವಪ್ಪಣ್ಣ, ನೀವು ಹೀಗೆ ಬೊಬ್ಬೆ ಹಾಕಿದ್ರೆ ನನ್ನ ಬುಟ್ಟಿಯ ಅಡಿಯಲ್ಲಿ ಎಂತ ಉಂಟು ಅಂತ ಜನ ಕೇಳುದಿಲ್ವಾ? ಹರಿಶ್ಚಂದ್ರ ಆಗ್ಲಿಕ್ಕೆ ಇದೇ ಜಾಗ ಸಿಕ್ಕಿದ್ದಾ?"

ಅಷ್ಟರಲ್ಲಿ ಉರ್ಸುಲಾ ಟೀಚರ್ ಬಂದರು. ಸುಪ್ರೀತಾಳಿಗೆ ಮೌಲ್ಯ ಶಿಕ್ಷಣ ಕಲಿಸುವವರು ಅವರೇ. ಗಲಾಟೆ ಕೇಳಿ ನಕ್ಕರು. "ನನಗೆ ನೀವು ಯಾವಾಗಲೂ ಒಳ್ಳೆಯದ್ದೇ ಕೊಡುದು. ಕಳೆದ ವಾರದ ಅಂಜಲ್ ಮೀನು ಫ್ರೆಶ್ ಅಲ್ವಾ?"

ಪೆನ್ನು ಮತ್ತೆ ಆಡಿತು. ಪೂವಪ್ಪ ಕಣ್ಣು ಮುಚ್ಚಿದ. "ಅದು ಎರಡು ದಿನದ್ದು, ಟೀಚರ್."

ಟೀಚರರ ನಗು ಇಳಿಯಿತು. "ಬಿಷಪ್ಪರು ಊಟಕ್ಕೆ ಬಂದಿದ್ರು ಅವತ್ತು!" ಎಂದವರು ಖಾಲಿ ಚೀಲ ಬೀಸುತ್ತಾ ಹೋದರು. ಅವರ ಹಿಂದೆಯೇ ಉಳಿದವರೂ ಕರಗಿದರು. ಎರಡು ದಿನದ್ದು ಮಾರುವವನ ಇವತ್ತಿನ ಮೀನನ್ನು ಯಾರು ನಂಬುತ್ತಾರೆ? ಮಧ್ಯಾಹ್ನಕ್ಕೆ ಎರಡು ಬುಟ್ಟಿಯೂ ಹಾಗೇ ಇದ್ದವು. ಇವತ್ತಿನದ್ದೂ ನಾಳೆಗೆ ನಿನ್ನೆಯದ್ದು.

ಹೋಗಲಿ, ಮಗಳಾದರೂ ನೋಡಿದಳಲ್ಲ.

"ಅಪ್ಪ, ಇಲ್ಲೊಂದು ಸಹಿ."

ಪೂವಪ್ಪ ಕೈ ಒರೆಸಿಕೊಂಡು ಓದಿದ. 'ನನ್ನ ತಂದೆ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ಇಸ್ತ್ರಿ ಮಾಡಿದ ಅಂಗಿ ಧರಿಸಿ ಸರಿಯಾದ ಸಮಯಕ್ಕೆ ಹೊರಡುತ್ತಾರೆ. ಎಂದೂ ಸುಳ್ಳು ಹೇಳುವುದಿಲ್ಲ.'

"ಇದು ಯಾರ ಅಪ್ಪ?"

"ಟೀಚರ್ ಶುಕ್ರವಾರವೇ ಬೋರ್ಡಿನಲ್ಲಿ ಬರೆದುಕೊಟ್ಟದ್ದು. ಕ್ಲಾಸಿನ ನಲವತ್ತೆರಡು ಜನರದ್ದೂ ಬ್ಯಾಂಕೇ."

"ಹಾಗಾದ್ರೆ ಬೆಳಿಗ್ಗೆಯಿಂದ ನೀನು ಬರೆದದ್ದು ಎಂತ?"

"ಸುತ್ತ ಹೂ ಬಿಡಿಸಿದ್ದು. ಡೆಕೊರೇಷನ್‌ಗೆ ಎರಡು ಮಾರ್ಕ್ ಉಂಟು. ಮನೆಯಲ್ಲಿ ಕರೆಂಟ್ ಇರ್ಲಿಲ್ಲ, ಸೆಕೆ, ಅದಕ್ಕೆ ಇಲ್ಲಿಗೆ ಬಂದದ್ದು."

ಪೂವಪ್ಪ ಹಾಳೆಯನ್ನು ಇನ್ನೊಮ್ಮೆ ಓದಿದ. "ಮೀನು ಮಾರುದು ಅಂತ ಬರೀಬಹುದಿತ್ತಲ್ಲ ಮಗಾ."

"ಮೊದಲು ಹಾಗೇ ಬರೆದಿದ್ದೆ. ಟೀಚರ್ ಕೆಂಪು ಗೀಟು ಹಾಕಿ, ಬೋರ್ಡಿನಲ್ಲಿದ್ದದ್ದೇ ಬರಿ ಅಂದ್ರು."

ಹಾಳೆಯ ಅಡಿಯಲ್ಲಿ ಅಚ್ಚಾಗಿತ್ತು: 'ಮೇಲಿನದ್ದೆಲ್ಲವೂ ಸತ್ಯ. ಪೋಷಕರ ಸಹಿ.'

"ಬೇಗ ಹಾಕಿ ಅಪ್ಪ, ಇಲ್ಲದಿದ್ರೆ ಹತ್ತೂ ಹೋಗ್ತದೆ."

ಅಂದು ಬೆಳಿಗ್ಗೆಯಿಂದ ಒಂದು ಸುಳ್ಳೂ ಹೇಳದ ಪೂವಪ್ಪ ಸಹಿ ಹಾಕಿದ. ಅವನ ಬೆರಳಿನಿಂದ ಮೀನಿನ ಒಂದು ಹುರುಪೆ ಹೂವಿನ ಮೇಲೆ ಅಂಟಿ ಮಿನುಗಿತು. ಸುಪ್ರೀತಾ ಅದನ್ನು ಉಗುರಿನಿಂದ ಜೋಪಾನವಾಗಿ ಕಿತ್ತು ಬಿಸಾಡಿದಳು.