ಒಂದರಲ್ಲಿ ಮೂರು ಮಾತ್ರೆಯ ಮಹಿಮೆ

"ಆಕಾಶ ಕಳಚಿ ಬೀಳಲಿ, ನಾಟಕದ ದಿನ ನನ್ನ ತಲೆ ನೋಯಲ್ಲ ಕಣೇ! ತಲೆನೋವಿಗೇ ತಲೆನೋವು ತಂದಿಡ್ತೀನಿ, ನೋಡ್ತಿರು!"

ಗಡಿಯಾರ ರಿಪೇರಿ ಯಜಮಾನರು ಹೀಗೆ ಗುಡುಗಿದಾಗ ಅವರ ಹೆಂಡತಿ ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತದೆ "ಹೂಂ" ಎಂದರು. ಆ ಹೂಂಗೆ ಕಾರಣವಿತ್ತು. ಹೋದ ವರ್ಷದ ನಾಟಕಕ್ಕೆ ಯಜಮಾನರು ಹೋಗಿರಲಿಲ್ಲ. ಹಣೆಗೆ ಒದ್ದೆಬಟ್ಟೆ ಸುತ್ತಿಕೊಂಡು ಮನೆಯಲ್ಲೇ ನರಳುತ್ತಾ ಬಿದ್ದಿದ್ದರು. ಹಗಲೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆ ಗಾತ್ರದ ಸ್ಕ್ರೂ ಹುಡುಕುವವರಿಗೆ ತಲೆ ನೋಯದೆ ಇನ್ನೇನಾದೀತು?

ಆದರೆ ಈ ವರ್ಷದ ಮಾತೇ ಬೇರೆ. ಇಷ್ಟು ವರ್ಷ ಪರದೆಯ ಹಿಂದೆ ಕೂತು ಪಾತ್ರಧಾರಿಗಳ ಬಟ್ಟೆ ಹೊಲಿದ ಹೆಂಡತಿಗೆ ನಾಟಕ ತಂಡದವರು ಮೊದಲ ಸಲ ಪಾತ್ರ ಕೊಟ್ಟಿದ್ದರು. ಅದೂ ಸಣ್ಣಪುಟ್ಟದ್ದಲ್ಲ, ಕೊನೆಯ ದೃಶ್ಯದಲ್ಲಿ ಮಗನ ತೊಡೆಯ ಮೇಲೆ ತಲೆಯಿಟ್ಟು ಸಾಯುವ ತಾಯಿಯ ಪಾತ್ರ!

"ಜನ ಅಳ್ಬೇಕು ಕಣ್ರೀ," ಎಂದಿದ್ದರು ಅವರು, ದಾರ ಕಚ್ಚಿ ಕತ್ತರಿಸುತ್ತಾ. "ನಾಲ್ಕೈದು ಜನ ಕಣ್ಣೊರೆಸ್ಕೊಂಡ್ರೂ ಸಾಕು, ನನ್ನ ಜನ್ಮ ಸಾರ್ಥಕ."

ತೊಂದರೆಯೆಂದರೆ ಸಾಯುವ ಮುಂಚಿನ ಆ ಉದ್ದ ಮಾತಿನಲ್ಲಿ ಅವರು ಯಾವಾಗಲೂ ಒಂದೇ ಕಡೆ ಮುಗ್ಗರಿಸುತ್ತಿದ್ದರು. ಮುಂದಿನ ಪದ ನಾಲಿಗೆಯ ತುದಿಯಲ್ಲೇ ಕೂತುಬಿಡುತ್ತಿತ್ತು. ಅದಕ್ಕೇ ಯಜಮಾನರು ಎದೆ ತಟ್ಟಿಕೊಂಡು ಪ್ರಾಂಪ್ಟರ್ ಪಟ್ಟ ಸ್ವೀಕರಿಸಿದ್ದರು. ಪಕ್ಕದ ಪರದೆಯ ಮರೆಯಲ್ಲಿ ಕೂತು ಮೆಲ್ಲಗೆ ಪದ ಎತ್ತಿಕೊಡುವುದು. ಅಷ್ಟೇ ಕೆಲಸ!

ಪಟ್ಟಕ್ಕೆ ತಕ್ಕ ಅಸ್ತ್ರವೂ ಸಿಕ್ಕಿತ್ತು. ಔಷಧಿ ಅಂಗಡಿಯ ಬಿಳಿ ಗುಂಡು ಮಾತ್ರೆ.

"ಒಂದರಲ್ಲಿ ಮೂರು ಮದ್ದು ಕಣೇ! ನೋವಿಗೆರಡು, ಅವಕ್ಕೆ ಚುರುಕು ಮುಟ್ಟಿಸೋಕೆ ಕಾಫಿ ಸತ್ವ. ಕಾಂಬಿನೇಷನ್ ಅಂದ್ರೆ ಏನಂದ್ಕೊಂಡೆ!"

ಮೊದಲ ಮಾತ್ರೆ ಪವಾಡವನ್ನೇ ಮಾಡಿತು, ಸುಳ್ಳು ಹೇಳಬಾರದು. ಆದರೆ ಪವಾಡ ಕಂಡವನು ಸುಮ್ಮನಿರುತ್ತಾನೆಯೇ? ನೋವು ಬಂದಾಗ ನುಂಗುತ್ತಿದ್ದವರು ನೋವು ಬರುವ ಮುಂಚೆಯೇ ನುಂಗತೊಡಗಿದರು. ಬೆಳಿಗ್ಗೆ ಒಂದು, ಅಂಗಡಿ ತೆಗೆಯುವಾಗ ಒಂದು. ವಿಚಿತ್ರವೆಂದರೆ ಅಪರೂಪಕ್ಕೆ ಬರುತ್ತಿದ್ದ ತಲೆನೋವು ಈಗ ದಿನಾ ಬರತೊಡಗಿತು. ಹಾಸಿಗೆಯಲ್ಲಿ ಕಣ್ಣು ಪಿಳಿಪಿಳಿ, ನಿದ್ದೆಯ ಸುಳಿವಿಲ್ಲ!

"ರೀ, ಡಾಕ್ಟ್ರಿಗೆ ತೋರಿಸ್ಬಾರ್ದಾ?"

"ಗಡಿಯಾರ ಬಿಚ್ಚಿ ಜೋಡಿಸೋನಿಗೆ ತಲೆ ರಿಪೇರಿ ಗೊತ್ತಾಗಲ್ವೇನೇ?"

ಇನ್ನೊಂದು ಅಭ್ಯಾಸವಿತ್ತು ಅವರಿಗೆ. ಯಾವ ವಸ್ತುವೂ ಪೊಟ್ಟಣದಲ್ಲಿ ಇರಕೂಡದು. ಸ್ಕ್ರೂ, ಸ್ಪ್ರಿಂಗು, ಹಲ್ಲುಚಕ್ರ ಎಲ್ಲವೂ ಗಾತ್ರ, ಬಣ್ಣ ನೋಡಿ ಗೂಡುಗೂಡಿನ ತಟ್ಟೆಯಲ್ಲಿ ಕೂರಬೇಕು. ಮಾತ್ರೆಗಳಿಗೂ ಅದೇ ಮರ್ಯಾದೆ! ತಂದ ತಕ್ಷಣ ಹಾಳೆಯಿಂದ ಬಿಡಿಸಿ ತಟ್ಟೆಗೆ ಸುರಿದು ಹಾಳೆ ಬಿಸಾಡುತ್ತಿದ್ದರು. ಬಿಳಿ ಗುಂಡನೆಯವು ಬಿಳಿ ಗುಂಡನೆಯವುಗಳ ಜೊತೆ. ನೋಡಿದವರು ಶಿಸ್ತಿಗೆ ತಲೆದೂಗಬೇಕು!

ನಾಟಕದ ಸಂಜೆ ಬಂತು. ಸಭಾಂಗಣ ಭರ್ತಿ. ಯಜಮಾನರ ತಲೆ ಆಗಲೇ ಧಿಮಿಧಿಮಿ. ಮುನ್ನೆಚ್ಚರಿಕೆಗೆ ಇರಲಿ ಎಂದು ಎರಡು ಮಾತ್ರೆ ಒಟ್ಟಿಗೇ ಗುಳುಂ ಮಾಡಿ, ನಾಟಕದ ಪ್ರತಿ ಹಿಡಿದು ಪರದೆಯ ಮರೆಯ ಕುರ್ಚಿಯಲ್ಲಿ ವಿರಾಜಮಾನರಾದರು. ಪಕ್ಕದಲ್ಲೇ ಮೈಕು ನಿಂತಿತ್ತು. ಮೊದಲೆರಡು ದೃಶ್ಯ ಸುಸೂತ್ರ. ಆಮೇಲೆ ಅಕ್ಷರಗಳು ಒಂದರ ಮೇಲೊಂದು ಹತ್ತತೊಡಗಿದವು.

ಕೊನೆಯ ದೃಶ್ಯ. ತಾಯಿ ಮಗನ ತೊಡೆಯ ಮೇಲೆ ತಲೆಯಿಟ್ಟಳು. ಮುಂದಿನ ಸಾಲಿನ ಹೆಂಗಸೊಬ್ಬಳು ಆಗಲೇ ಮೂಗು ಒರೆಸಿಕೊಳ್ಳುತ್ತಿದ್ದಳು.

"ಮಗನೇ, ನಾನು ಹೋದ ಮೇಲೆ..." ಎಂದಳು ತಾಯಿ. ಅಲ್ಲಿಗೆ ನಿಂತಿತು. ಕಣ್ಣು ಪರದೆಯತ್ತ ಹೊರಳಿತು.

ಪರದೆಯ ಮರೆಯಿಂದ, ಮೈಕಿನಲ್ಲಿ, ಇಡೀ ಸಭಾಂಗಣಕ್ಕೆ ಕೇಳುವಂತೆ ಉತ್ತರ ಬಂತು: "ಗೊರ್ರ್ರ್ರ್!"

"ನಾನು ಹೋದ ಮೇಲೆ..."

"ಗೊರ್ರ್ರ್ರ್... ಪುಸ್!"

"ಪಾಪ, ಅಮ್ಮ ಹೋಗೋಕೆ ಮುಂಚೆ ಅಪ್ಪ ಹೊರಟ್ರು!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ಸಭೆಯೇ ಹೊಟ್ಟೆ ಹಿಡಿದು ನಕ್ಕಿತು. ಅಳಬೇಕಾದ ಮಗ ನಕ್ಕು ನಕ್ಕು ಕುಲುಕಿದ್ದಕ್ಕೆ ತೊಡೆಯ ಮೇಲಿದ್ದ ತಾಯಿಯ ತಲೆಯೂ ಕುಲುಕಿತು. ಹೆಂಡತಿ ಉಳಿದ ಮಾತು ಆಡದೆಯೇ ಕಣ್ಣು ಮುಚ್ಚಿ ಸತ್ತುಬಿಟ್ಟರು.

ಮರುದಿನ ಆಸ್ಪತ್ರೆಯಲ್ಲಿ ಗೊರಕೆಯ ಕಥೆಯೆಲ್ಲ ಕೇಳಿದ ಡಾಕ್ಟರಮ್ಮ "ತಗೊಂಡ ಮಾತ್ರೆ ತೋರಿಸಿ" ಎಂದಾಗ ಯಜಮಾನರು ಮೇಜಿನ ಮೇಲೆ ತಟ್ಟೆಯನ್ನೇ ಇಟ್ಟರು.

"ಇದರಲ್ಲಿ ನುಂಗೋದು ಯಾವುದು, ತಿರುಗಿಸೋದು ಯಾವುದು?" ಎಂದರು ಡಾಕ್ಟರಮ್ಮ. "ನೆಗಡಿ ಮಾತ್ರೆ ಏನಾದ್ರೂ ಇದಕ್ಕೆ ಸುರಿದಿದ್ರಾ?"

"ಹೋದ ವಾರ ನನಗೆ ತಂದಿದ್ರು," ಎಂದರು ಹೆಂಡತಿ. ನಿನ್ನೆಯಿಂದ ಅವರ ಬಾಯಿಂದ ಬಂದ ಮೊದಲ ಮಾತು ಅದು.

"ಸರಿಹೋಯ್ತು! ಅದೂ ಕಾಂಬಿನೇಷನ್ನೇ. ಅದರಲ್ಲಿ ನಿದ್ದೆ ಬರಿಸೋ ಮದ್ದಿರತ್ತೆ, ಜೊತೆಗೆ ನಿಮ್ಮ ತಲೆನೋವಿನ ಮಾತ್ರೆಯಲ್ಲಿರೋ ನೋವಿನ ಮದ್ದೂ ಇರತ್ತೆ. ಎರಡೂ ಸೇರಿ ಮಿತಿ ಮೀರಿದ್ರೆ ಲಿವರ್ ಗತಿ ಏನು? ಹೊಟ್ಟೆ ಗತಿ ಏನು?"

"ಹಾಗಾದ್ರೆ ಆ ಮಾತ್ರೆ ಕೆಟ್ಟದ್ದಾ ಡಾಕ್ಟ್ರೇ?"

"ಮಾತ್ರೆ ಕೆಟ್ಟದ್ದಲ್ಲ. ಅಪರೂಪಕ್ಕೆ, ಹೇಳಿದಷ್ಟು ತಗೊಂಡ್ರೆ ಒಳ್ಳೇ ಮಾತ್ರೆಯೇ. ದಿನಾ ನುಂಗಿದ್ರೆ ಮಾತ್ರೆಯೇ ತಲೆನೋವು ತರತ್ತೆ. ರಕ್ತ ಪರೀಕ್ಷೆ ಮಾಡಿಸಿ. ಇವತ್ತಿಂದ ಇದು ಬಂದ್. ಸ್ವಲ್ಪ ದಿನ ನೋವು ಜಾಸ್ತಿ ಆಗತ್ತೆ, ತಡ್ಕೊಳ್ಳಿ. ತಡೆಯೋಕಾಗ್ದೇ ಇದ್ರೆ ನನ್ನ ಹತ್ರ ಬನ್ನಿ, ತಟ್ಟೆ ಹತ್ರ ಹೋಗ್ಬೇಡಿ."

ಮನೆಯಲ್ಲಿ ಹೊಲಿಗೆ ಮೆಷಿನ್ನು ಟಕಟಕ ಓಡುತ್ತಿತ್ತು. ಯಜಮಾನರ ತಲೆಯೊಳಗೂ ಅದೇ ಟಕಟಕ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಆಕೆ ಬಯ್ಯಲೂ ಇಲ್ಲ. ಇಷ್ಟು ವರ್ಷಕ್ಕೆ ಒಂದೇ ಒಂದು ಆಸೆ ಪಟ್ಟಿದ್ದಳು, ಅದನ್ನು ನಾನು ಗೊರಕೆ ಹೊಡೆದು ಹಾಳು ಮಾಡಿದೆನಲ್ಲ ಎಂದು ಅವರು ಹಳಹಳಿಸಿದರು.

"ತಪ್ಪಾಯ್ತು ಕಣೇ. ಆ ದೃಶ್ಯ ಇನ್ನೊಂದ್ಸಲ ಮಾಡ್ತೀಯಾ? ನಾನೊಬ್ನೇ ನೋಡ್ತೀನಿ."

ಹೆಂಡತಿ ಮೆಷಿನ್ನು ನಿಲ್ಲಿಸಿದರು. ಆಮೇಲೆ ಎದ್ದು, ಹೊಲಿಯಬೇಕಿದ್ದ ಬಟ್ಟೆ ಗಂಟಿನ ಮೇಲೆ ತಲೆಯಿಟ್ಟು ಮಲಗಿದರು. "ಮಗನೇ, ನಾನು ಹೋದ ಮೇಲೆ..." ಎಂದು ನಿಂತರು.

"ಬಾಗಿಲು ತೆರೆದೇ ಇಡು," ಎಂದು ಯಜಮಾನರು ಮೆಲ್ಲಗೆ ಎತ್ತಿಕೊಟ್ಟರು.

"...ಬಾಗಿಲು ತೆರೆದೇ ಇಡು ಮಗನೇ. ಅಭ್ಯಾಸ ಬಲದಿಂದ ಬಂದುಬಿಟ್ಟೇನು." ಕೈ ಜಾರಿತು. ಕಣ್ಣು ಮುಚ್ಚಿತು. ಯಜಮಾನರ ಕಣ್ಣಿಂದ ನೀರು ದಳದಳ ಇಳಿಯಿತು.

ಸತ್ತ ತಾಯಿ ಒಂದು ಕಣ್ಣು ತೆರೆದರು. "ನಿಜ ಹೇಳಿ, ಅಳ್ತಿರೋದು ನನ್ನ ಪಾತ್ರಕ್ಕಾ, ತಲೆನೋವಿಗಾ?"

ಯಜಮಾನರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಸುಳ್ಳು ಹೇಳುವ ಮುಖ ಉಳಿದಿರಲಿಲ್ಲ. "ಎರಡಕ್ಕೂ ಕಣೇ."

"ಅಯ್ಯೋ ರಾಮಾ!" ಎಂದರು ಹೆಂಡತಿ, ಸತ್ತಲ್ಲಿಂದ ಎದ್ದು ಕೂರುತ್ತಾ. "ನನಗೆ ಸಿಕ್ಕಿದ್ದು ಒಬ್ರು ಅಳೋರು, ಅದೂ ಕಾಂಬಿನೇಷನ್ನಾ!"